ತಿಳಿನೀರೂ ಶುದ್ಧಜಲವೂ: ಕಾಗಿಣಾ ನದಿಯಿಂದ ಒಂದು ಪಾಠ



ಸ್ಮರಣ ಸಂಚಿಕೆಯು ಹಳೆಯ ದಿನಗಳನ್ನು ನೆನೆಯುವದಕ್ಕಾಗಿಯೇ ಇರುವದೆಂದು ತಿಳಿದವರು ಅದರ ನಡುವೆ ಒಂದು ಪಾಠವನ್ನು ಕಂಡು ಆಶ್ಚರ್ಯಪಡಬಹುದು. ಆದರೆ ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳು ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಮನೆಗಳನ್ನು ನಡಿಸುತ್ತಿದ್ದಾರೆ. ಕೆಲವರು ಶಿಕ್ಷಕಿಯರು, ಕೆಲವರು ದಾದಿಯರು, ಕೆಲವರು ಗ್ರಾಮ ಪಂಚಾಯತಿಯ ಸದಸ್ಯೆಯರು. ಇವರೆಲ್ಲರ ಕೈಯಿಂದ ದಿನಾಲು ಹಾದುಹೋಗುವ ವಸ್ತು ನೀರು. ಆದುದರಿಂದ ನೀರಿನ ವಿಷಯವಾಗಿ ಒಂದು ಪಾಠವನ್ನು ಇಲ್ಲಿ ಬರೆಯುವದು ಅನುಚಿತವಾಗಲಾರದೆಂದು ನಂಬಿದ್ದೇನೆ. ಈ ಪಾಠವನ್ನು ನಾನು ಮೊದಲು ಪುಸ್ತಕದಿಂದ ಕಲಿಯಲಿಲ್ಲ. ನನ್ನದೊಂದು ತಪ್ಪಿನಿಂದ ಕಲಿತೆನು. ಆ ತಪ್ಪನ್ನು ಮುಚ್ಚಿಡದೆ ಮೊದಲು ಹೇಳುವೆನು.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ಪರೀಕ್ಷೆಗಳು ಸಮೀಪಿಸಿದ್ದಾಗ, ನಮ್ಮ ಬೋರ್ಡಿಂಗಿನ ಬಾವಿಯು ಬತ್ತಿತು. ನದಿಯ ಪಾತ್ರದಲ್ಲಿ ಮರಳನ್ನು ತೋಡಿ ಮಾಡಿದ ಒರತೆಯಿಂದ ಕುಡಿಯುವ ನೀರನ್ನು ತರಿಸಿದೆವು. ಆ ನೀರು ಗಾಜಿನಂತೆ ತಿಳಿಯಾಗಿತ್ತು, ಕುಡಿದರೆ ಸಿಹಿಯಾಗಿತ್ತು. ಅಡಿಗೆಯ ಹಿರಿಯಮ್ಮನವರು, “ಬಾಯಿಯವರೇ, ಈ ನೀರನ್ನೂ ಕಾಸಬೇಕೇ?” ಎಂದು ಕೇಳಿದರು. ಅಡಿಗೆಯ ಅನಿಲವು ಸಾಲದೆ ಇದ್ದ ದಿನಗಳವು. “ಇಷ್ಟು ತಿಳಿಯಾದ ನೀರನ್ನು ಕಾಸುವದೇಕೆ? ಮಳೆಗಾಲದ ಕೆಂಪು ನೀರು ಬಂದಾಗ ಕಾಸೋಣ” ಎಂದು ನಾನು ಉತ್ತರ ಕೊಟ್ಟೆನು. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಮಂದಿ ಹುಡುಗಿಯರು ಭೇದಿಯಿಂದಲೂ ಜ್ವರದಿಂದಲೂ ಮಲಗಿದರು. ದೇವರ ಕೃಪೆಯಿಂದ ಎಲ್ಲರೂ ಗುಣಹೊಂದಿದರು. ಆದರೆ ಇಬ್ಬರು ಆ ವರ್ಷದ ಪರೀಕ್ಷೆಗೆ ಕೂಡ್ರಲಾರದೆ ಹೋದರು. ಒರತೆಯ ನೀರನ್ನು ಪರೀಕ್ಷೆಗೆ ಕೊಟ್ಟಾಗ ಅದರಲ್ಲಿ ಮಲಸಂಬಂಧವಾದ ರೋಗಾಣುಗಳ ಗುರುತು ದೊರೆಯಿತು. ಮೇಲಣ ಮಡುವಿನಲ್ಲಿ ಎಮ್ಮೆಗಳು ಬಿದ್ದುಕೊಳ್ಳುತ್ತಿದ್ದವು, ಊರ ಚರಂಡಿಯೂ ಅದಕ್ಕೇ ಇಳಿಯುತ್ತಿತ್ತು. ಮರಳು ಕೆಸರನ್ನು ತಡೆದಿತ್ತು, ರೋಗಾಣುಗಳನ್ನು ತಡೆದಿರಲಿಲ್ಲ.

ನೀರು ತಿಳಿಯಾಗಿರುವದು ಒಂದು ಗುಣ, ಶುದ್ಧವಾಗಿರುವದು ಬೇರೊಂದು ಗುಣ. ಮೊದಲನೆಯದು ಕಣ್ಣಿಗೆ ಕಾಣುವದು. ಎರಡನೆಯದನ್ನು ಅಳೆದು ತಿಳಿಯಬೇಕು. ಈ ಎರಡನ್ನೂ ನದಿಯಲ್ಲಿ ಹೇಗೆ ಅಳೆಯುತ್ತಾರೆ, ಏತಕ್ಕಾಗಿ ದಿನದಿನವೂ ಅಳೆಯುತ್ತಾರೆ ಎಂಬದೇ ಈ ಪಾಠದ ವಿಷಯ.

೧. ನಮ್ಮ ನೀರು ಬರುವ ದಾರಿ

ನಮ್ಮ ಕಡೆಯ ಮಾಳಿಗೆಯ ಮನೆಯನ್ನು ನೆನಸಿಕೊಳ್ಳಿರಿ. ಮಾಳಿಗೆಯ ಯಾವ ಮೂಲೆಯಲ್ಲಿ ಮಳೆ ಬಿದ್ದರೂ ನೀರು ಇಳಿಜಾರನ್ನು ಹಿಡಿದು ಒಂದೇ ಕೊಳವೆಯ ಬಾಯಿಗೆ ಬರುವದು. ಮಾಳಿಗೆಯ ಮೇಲೆ ಧೂಳಿದ್ದರೆ ಧೂಳೂ, ಹಕ್ಕಿಗಳ ಹಿಕ್ಕೆಯಿದ್ದರೆ ಅದೂ ಅದೇ ಬಾಯಿಯಿಂದ ಹೊರಬರುವವು. ಹಾಗೆಯೇ ಒಂದು ನದಿಗೆ ನೀರನ್ನು ಒಪ್ಪಿಸುವ ಭೂಭಾಗವೆಲ್ಲವೂ ಆ ನದಿಯ ಜಲಾನಯನವೆನಿಸುವದು.

ಕಾಗಿಣಾ ನದಿಯು ತೆಲಂಗಾಣದ ವಿಕಾರಾಬಾದ ಜಿಲ್ಲೆಯ ಗುಡ್ಡಗಳಲ್ಲಿ ಹುಟ್ಟಿ, ತಾಂಡೂರನ್ನು ದಾಟಿ, ನಮ್ಮ ಸೇಡಂ ಸೀಮೆಯನ್ನು ಪ್ರವೇಶಿಸುವದು. ಬೀದರ ಜಿಲ್ಲೆಯ ಕಡೆಯಿಂದ ಹೊರಟು ಚಿಂಚೋಳಿಯನ್ನು ಹಾದು ಬರುವ ಮುಲ್ಲಾಮಾರಿಯೂ, ಸೇಡಂ ಕಡೆಯ ಕಮಲಾವತಿಯೂ, ಬೆಣ್ಣೆತೊರಾ ನದಿಯೂ ಇದನ್ನು ಕೂಡಿಕೊಳ್ಳುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ಇದರ ದಂಡೆಯ ಮೇಲೆಯೇ ಇದೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಮೇರೆಯನ್ನು ಎರಡು ನದಿಗಳ ಹೆಸರಿನಿಂದ ಹೇಳಿದ್ದನ್ನು ನೀವು ಮೇಲಿನ ತರಗತಿಯಲ್ಲಿ ಓದಿದ್ದೀರಿ. ಮಳಖೇಡದಿಂದ ಮುಂದೆ ಕಾಗಿಣೆಯು ಶಹಾಬಾದದ ಬದಿಯಿಂದ ಹರಿದು, ಹೊನಗುಂಟಾದ ಬಳಿಯಲ್ಲಿ ಭೀಮೆಯನ್ನು ಸೇರುವದು. ಭೀಮೆಯು ಸನ್ನತಿ, ಯಾದಗಿರಿಗಳನ್ನು ದಾಟಿ ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಬೆರೆಯುವದು. ಕೃಷ್ಣೆಯು ಬಂಗಾಲ ಉಪಸಾಗರವನ್ನು ಮುಟ್ಟುವದು.

ಕೃಷ್ಣೆಯ ಜಲಾನಯನವು ಒಟ್ಟು ೨,೫೮,೯೪೮ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದದ್ದು; ಇದು ಭಾರತದ ನೆಲದಲ್ಲಿ ಹೆಚ್ಚುಕಡಿಮೆ ನೂರರಲ್ಲಿ ಎಂಟು ಪಾಲು. ಮಹಾಬಳೇಶ್ವರದ ಘಟ್ಟವೂ, ಪುಣೆಯ ಪಟ್ಟಣವೂ, ಬಳ್ಳಾರಿಯ ಬಯಲೂ, ಚಿಂಚೋಳಿಯ ಕಾಡೂ ಈ ಒಂದೇ ಮಾಳಿಗೆಯ ಬೇರೆ ಬೇರೆ ಮೂಲೆಗಳು. ಹೀಗಿರುವದರಿಂದ ಮೇಲಿನವರು ನೀರಿಗೆ ಮಾಡಿದ್ದು ಕೆಳಗಿನವರಿಗೆ ತಲುಪುವದು; ನಾವು ಮಾಡಿದ್ದು ನಮ್ಮ ಕೆಳಗಿನವರಿಗೆ ತಲುಪುವದು. ತಾಂಡೂರಿನವರಿಗೆ ನಾವು ಕೆಳಗಿನವರು, ಯಾದಗಿರಿಯವರಿಗೆ ಮೇಲಿನವರು.

೨. ಹೂಳು

ಮಳೆಗಾಲದ ಮೊದಲ ಪ್ರವಾಹದಲ್ಲಿ ನದಿಯು ಬಣ್ಣ ತಿರುಗುವದನ್ನು ಎಲ್ಲರೂ ನೋಡಿದ್ದೀರಿ. ಚಿಂಚೋಳಿಯ ಮೇಲಣ ಜಂಬಿಟ್ಟಿಗೆಯ ನೆಲದಿಂದ ಬಂದ ಹಳ್ಳವು ಕೆಂಪಾಗಿಯೂ, ಸೇಡಂ ಚಿತ್ತಾಪುರಗಳ ಎರೆಯ ಹೊಲಗಳಿಂದ ಬಂದ ಹಳ್ಳವು ಕಪ್ಪು ಮಿಶ್ರವಾದ ಬೂದಿಬಣ್ಣದ್ದಾಗಿಯೂ ಇರುವದು. ನೀರಿನೊಡನೆ ಹೀಗೆ ಹೊರಟುಬಂದ ಮಣ್ಣು ಮರಳುಗಳಿಗೆ ಹೂಳು ಎಂದು ಹೆಸರು.

ಹೂಳು ಹೆಚ್ಚಾಗಿ ಬರುವದು ಬೋಳು ನೆಲದಿಂದ. ನಮ್ಮ ಆಳವಾದ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಹೊಲಗಳು ಮುಂಗಾರಿನಲ್ಲಿ ಪೈರಿಲ್ಲದೆ ಇರುವವು. ಬಿರುಮಳೆಯ ಹನಿಯು ಬೋಳು ಮಣ್ಣಿನ ಹೆಂಟೆಯನ್ನು ಒಡೆದು ಹುಡಿಮಾಡುವದು. ಹರಿಯುವ ನೀರು ಆ ಹುಡಿಯನ್ನು ಎತ್ತಿಕೊಂಡು ಹೋಗುವದು. ತೊಗರಿಯು ಎದ್ದು ನೆಲವನ್ನು ಮುಚ್ಚಿದ ಮೇಲೆ ಅದೇ ಮಳೆಗೆ ಅಷ್ಟು ಮಣ್ಣು ಏಳುವದಿಲ್ಲ. ಕಾಡು ದಟ್ಟವಾಗಿರುವಲ್ಲಿ ಇನ್ನೂ ಕಡಿಮೆ. ಹೂಳೆಲ್ಲವೂ ಹೊಲದ ಮಣ್ಣೇ ಆಗಿರಬೇಕೆಂದಿಲ್ಲ. ನಮ್ಮ ಪ್ರಾಂತವು ಸುಣ್ಣಕಲ್ಲಿನ ನಾಡು. ಶಹಾಬಾದದ ಹಾಸುಗಲ್ಲು ದೇಶದಲ್ಲೆಲ್ಲ ಹೆಸರುಗೊಂಡಿದೆ. ಕಲ್ಲನ್ನು ಕೊಯ್ದು ನುಣುಪುಮಾಡುವಾಗ ಹೊರಡುವ ಬಿಳಿಯ ರಾಡಿಯನ್ನು ಹಳ್ಳಕ್ಕೆ ಬಿಟ್ಟರೆ ಅದೂ ಹೂಳೇ ಆಗುವದು.

ಹೂಳಿನ ಕಣಗಳು ಒಂದೇ ಗಾತ್ರದವಲ್ಲ, ಮತ್ತು ಗಾತ್ರಕ್ಕೆ ತಕ್ಕಂತೆ ಅವುಗಳ ನಡತೆಯೂ ಬೇರೆಯಾಗುವದು. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಮರಳಿನ ಕಣವು ನಿಂತ ನೀರಿನಲ್ಲಿ ಅರ್ಧ ಗೇಣು ಆಳಕ್ಕೆ ಇಳಿಯಲು ಸುಮಾರು ೧೨ ಸೆಕೆಂಡುಗಳು ಸಾಕು. ಅದರ ಹತ್ತನೆಯ ಒಂದು ಪಾಲಿನ ಕಣಕ್ಕೆ ಸುಮಾರು ೨೦ ನಿಮಿಷಗಳು ಬೇಕು. ಇನ್ನೂ ಹತ್ತು ಪಟ್ಟು ಸಣ್ಣದಾದ ಜೇಡಿಯ ಕಣಕ್ಕೆ ೩೦ ತಾಸುಗಳಿಗೂ ಹೆಚ್ಚು ಕಾಲ ಬೇಕು. ಗಾತ್ರವು ಹತ್ತು ಪಟ್ಟು ಇಳಿದರೆ ಕಾಲವು ನೂರು ಪಟ್ಟು ಏರುವದೆಂಬ ಈ ನಿಯಮವನ್ನು ನೆನಪಿನಲ್ಲಿಡಿರಿ. ಎರೆಯ ಮಣ್ಣಿನಲ್ಲಿ ಜೇಡಿಯ ಅಂಶವು ಅಧಿಕವಾಗಿರುವದರಿಂದಲೇ, ಹರವಿಯಲ್ಲಿ ರಾತ್ರಿಯಿಡೀ ಇಟ್ಟ ನದಿಯ ನೀರು ಮುಂಜಾನೆಯೂ ಮಸಕಾಗಿಯೇ ಇರುವದು.

ಇನ್ನು ಅಳತೆಯ ಕ್ರಮ. ಕೇಂದ್ರ ಜಲ ಆಯೋಗವು ಕಾಗಿಣೆಯ ಮೇಲೆ ಮಳಖೇಡದಲ್ಲಿಯೂ, ಭೀಮೆಯ ಮೇಲೆ ಯಾದಗಿರಿಯಲ್ಲಿಯೂ ವೀಕ್ಷಣಾ ಕೇಂದ್ರಗಳನ್ನು ಇಟ್ಟಿದೆ. ಈ ಆಯೋಗದ ಮೂಲಸಂಸ್ಥೆಯು ೧೯೪೫ರಲ್ಲಿ, ಡಾ. ಭೀಮರಾವ ಅಂಬೇಡಕರರು ವೈಸರಾಯರ ಕಾರ್ಯಕಾರಿ ಮಂಡಲದ ಸದಸ್ಯರಾಗಿದ್ದ ಕಾಲದಲ್ಲಿ, ಸ್ಥಾಪಿತವಾಯಿತು. ಇಂಥ ಕೇಂದ್ರಗಳು ನಾನಾ ದರ್ಜೆಯವು. ಕೆಲವು ನೀರಿನ ಮಟ್ಟವನ್ನು ಮಾತ್ರ ನೋಡುವವು. ಕೆಲವು ಹರಿವಿನ ಪ್ರಮಾಣವನ್ನೂ, ಕೆಲವು ಹೂಳನ್ನೂ, ಕೆಲವು ನೀರಿನ ಗುಣವನ್ನೂ ಅಳೆಯುವವು. ಮುಂಜಾನೆ ಎಂಟು ಘಂಟೆಗೆ ಸಿಬ್ಬಂದಿಯವರು ಅಳತೆಗಂಬವನ್ನು ನೋಡಿ ಮಟ್ಟವನ್ನು ಬರೆಯುತ್ತಾರೆ. ಹರಿವನ್ನು ಅಳೆಯುವದಕ್ಕೆ ನದಿಯ ಅಗಲವನ್ನು ಹಲವು ಪಟ್ಟಿಗಳಾಗಿ ವಿಭಾಗಿಸಿ, ಪ್ರತಿಯೊಂದು ಪಟ್ಟಿಯಲ್ಲಿ ಆಳವನ್ನು ನೋಡಿ, ಬಟ್ಟಲುಗಳುಳ್ಳ ತಿರುಗುವ ಯಂತ್ರವನ್ನು ನೀರಿನಲ್ಲಿ ಇಳಿಸಿ ವೇಗವನ್ನು ತಿಳಿಯುತ್ತಾರೆ. ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಇರುವ ವೇಗವು ಆ ಪಟ್ಟಿಯ ಸರಾಸರಿ ವೇಗಕ್ಕೆ ಬಹಳ ಸಮೀಪವಾಗಿರುವದರಿಂದ ಯಂತ್ರವನ್ನು ಅಲ್ಲಿಯೇ ಹಿಡಿಯುವದು ವಾಡಿಕೆ. ಹೂಳಿಗಾಗಿ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಜರಡಿಯಿಂದ ದಪ್ಪ, ನಡುತರ, ಸಣ್ಣ ಎಂದು ಮೂರು ಬಗೆಯಾಗಿ ಬೇರ್ಪಡಿಸಿ, ಒಣಗಿಸಿ, ತೂಗಿ, ಒಂದು ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯುತ್ತಾರೆ.

ಇದರ ಲೆಕ್ಕವನ್ನು ನೀವೂ ಮಾಡಬಹುದು. ಲೀಟರಿಗೆ ಒಂದು ಗ್ರಾಂ ಹೂಳೆಂದರೆ ಒಂದು ಘನಮೀಟರ್ ನೀರಿಗೆ ಒಂದು ಕಿಲೋ. ನದಿಯು ಸೆಕೆಂಡಿಗೆ ೧೦೦ ಘನಮೀಟರ್ ಹರಿಯುತ್ತಿದೆಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಆಗ ಪ್ರತಿ ಸೆಕೆಂಡಿಗೆ ೧೦೦ ಕಿಲೋ ಮಣ್ಣು ಸಾಗುವದು. ಒಂದು ದಿನದಲ್ಲಿ ೮೬,೪೦೦ ಸೆಕೆಂಡುಗಳಿರುವದರಿಂದ ದಿನಕ್ಕೆ ೮,೬೪೦ ಟನ್ ಆಯಿತು. ಹತ್ತು ಟನ್ ಹೊರುವ ಲಾರಿಗಳಾದರೆ ೮೬೪ ಲಾರಿಗಳು. ನೀರು ತುಂಬಿದ ಒಂದು ಗಾಜಿನ ಲೋಟದಲ್ಲಿ ಚಿಟಿಕೆಯಷ್ಟೂ ಕಾಣದ ಮಣ್ಣು ನದಿಯ ಲೆಕ್ಕಕ್ಕೆ ಬಂದಾಗ ಹೀಗಾಗುವದು.

ಈ ಮಣ್ಣು ಎಲ್ಲಿಗೆ ಹೋಗುವದು? ನೀರು ನಿಂತಲ್ಲಿ ಅದು ಇಳಿಯುವದು. ಕೃಷ್ಣೆಯ ಜಲಾನಯನದಲ್ಲಿಯೇ ಇರುವ ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ೧೩೨ ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು ನೀರನ್ನು ಹಿಡಿಯುವಂತಿತ್ತು. ೨೦೧೬ರ ಅಳತೆಯಲ್ಲಿ ಅದು ಸುಮಾರು ೧೦೬ ಟಿ.ಎಂ.ಸಿ.ಗೆ ಇಳಿದಿತ್ತು. ಜಲಾಶಯದ ಐದನೆಯ ಒಂದು ಪಾಲು ನೀರಿಗೆ ಬದಲಾಗಿ ಮಣ್ಣಿನಿಂದ ತುಂಬಿತೆಂದು ಅರ್ಥ. ಅದು ಯಾರದೋ ಹೊಲದ ಮೇಲ್ಮಣ್ಣು. ಹೊಲದವನಿಗೂ ನಷ್ಟ, ಕೆರೆಯವನಿಗೂ ನಷ್ಟ. ನಮ್ಮ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಮತ್ತು ಕೆಳದಂಡೆ ಮುಲ್ಲಾಮಾರಿಯ ಜಲಾಶಯಗಳ ಆಯುಷ್ಯವೂ ಅವುಗಳ ಮೇಲಣ ನೆಲವನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬದರ ಮೇಲೆ ನಿಂತಿದೆ.

೩. ಕಣ್ಣಿಗೆ ಕಾಣದ ಮಲಿನತೆ

ಹೂಳು ಇಳಿದ ಮೇಲೆ ನೀರು ತಿಳಿಯಾಗುವದು. ಜನರು ಮೋಸಹೋಗುವದು ಆಗಲೇ. ತಿಳಿನೀರಿನಲ್ಲಿಯೂ ನಾಲ್ಕು ಸಂಗತಿಗಳನ್ನು ಪರೀಕ್ಷಿಸಿ ತಿಳಿಯಬೇಕು.

ಮೊದಲನೆಯದು, ನೀರಿನಲ್ಲಿ ಕರಗಿದ ಆಮ್ಲಜನಕ. ಮೀನುಗಳು ಇದನ್ನೇ ಉಸಿರಾಡುವವು. ೨೦ ಡಿಗ್ರಿ ಉಷ್ಣದಲ್ಲಿ ಶುದ್ಧವಾದ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ೩೦ ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದುದರಿಂದ ನಮ್ಮ ಬೇಸಿಗೆಯಲ್ಲಿ ನದಿಗೆ ಉಸಿರು ಸ್ವಭಾವವಾಗಿಯೇ ಕಡಿಮೆ.

ಎರಡನೆಯದು, ಆ ಆಮ್ಲಜನಕವನ್ನು ತಿನ್ನುವ ಹೊಲಸು. ಚರಂಡಿಯ ನೀರಿನಲ್ಲಿರುವ ಮಲ, ಮುಸುರೆ, ಕೊಳೆತ ಪದಾರ್ಥಗಳು ಸೂಕ್ಷ್ಮಜೀವಿಗಳಿಗೆ ಆಹಾರವಾಗುವವು. ಆಹಾರ ಹೆಚ್ಚಿದಷ್ಟೂ ಅವು ಬೆಳೆದು ನೀರಿನ ಆಮ್ಲಜನಕವನ್ನು ಮುಗಿಸುವವು. ಕದ ಕಿಟಕಿಗಳನ್ನು ಮುಚ್ಚಿದ ಒಂದು ಕೋಣೆಯಲ್ಲಿ ಬಹು ಮಂದಿ ಮಲಗಿದರೆ ಹೇಗಾಗುವದೋ ಹಾಗೆಯೇ ಇದು. ನೀರಿನ ಮಾದರಿಯನ್ನು ಗೊತ್ತಾದ ಉಷ್ಣದಲ್ಲಿ ಕೆಲವು ದಿನ ಕತ್ತಲೆಯಲ್ಲಿ ಇಟ್ಟು, ಎಷ್ಟು ಆಮ್ಲಜನಕ ಕಳೆಯಿತೆಂದು ನೋಡುತ್ತಾರೆ. ಇದನ್ನು ಜೈವಿಕ ಆಮ್ಲಜನಕದ ಬೇಡಿಕೆ ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಈ ಬೇಡಿಕೆಯು ಲೀಟರಿಗೆ ೩ ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕವು ೫ ಮಿಲಿಗ್ರಾಮಿಗೆ ಕಡಿಮೆಯಾಗಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗೊತ್ತುಮಾಡಿದೆ. ಜಲಮಾಲಿನ್ಯವನ್ನು ತಡೆಯುವ ಕಾಯಿದೆಯು ೧೯೭೪ರಲ್ಲಿ ಬಂದು, ಕೇಂದ್ರದಲ್ಲಿಯೂ ನಮ್ಮ ರಾಜ್ಯದಲ್ಲಿಯೂ ಮಂಡಳಿಗಳು ಏರ್ಪಟ್ಟ ತರುವಾಯ ಇಂಥ ಪರೀಕ್ಷೆಗಳು ಕ್ರಮವಾಗಿ ನಡೆಯತೊಡಗಿದವು. ೨೦೧೮ರಲ್ಲಿ ಕೇಂದ್ರ ಮಂಡಳಿಯು ದೇಶದ ೩೫೧ ನದೀಭಾಗಗಳನ್ನು ಮಲಿನವಾದವುಗಳೆಂದು ಪಟ್ಟಿಮಾಡಿತು. ಕರ್ನಾಟಕದವು ೧೭, ಅವುಗಳಲ್ಲಿ ಭೀಮೆಯೂ ಇತ್ತು, ಶಹಾಬಾದದಿಂದ ಹೊನಗುಂಟಾದವರೆಗಿನ ನಮ್ಮ ಕಾಗಿಣೆಯೂ ಇತ್ತು. ಈ ಪಟ್ಟಿಯನ್ನು ಮಾಡಿದ್ದು ಯಾರ ಮೇಲೂ ಅಪವಾದ ಹೊರಿಸುವದಕ್ಕಲ್ಲ. ಬೇಡಿಕೆಯು ೩ ಮಿಲಿಗ್ರಾಂ ಮೀರಿದ ಸ್ಥಳಗಳನ್ನು ತಿಳಿದು ಸರಿಪಡಿಸುವದಕ್ಕಾಗಿ.

ಮೂರನೆಯದು, ಮಲದಿಂದ ಬರುವ ರೋಗಾಣುಗಳು. ನೀರಿನಲ್ಲಿ ಪ್ರತಿಯೊಂದು ರೋಗದ ಅಣುವನ್ನೂ ಹುಡುಕುವದು ಕಷ್ಟ. ಆದುದರಿಂದ ಮನುಷ್ಯರ ಮತ್ತು ಪಶುಗಳ ಕರುಳಿನಲ್ಲಿ ಯಾವಾಗಲೂ ಇರುವ ಕೋಲಿಫಾರ್ಮ್ ಎಂಬ ಅಣುಗಳನ್ನು ಹುಡುಕುತ್ತಾರೆ. ಅವು ಇದ್ದರೆ ಮಲವು ನೀರನ್ನು ಮುಟ್ಟಿದೆಯೆಂದು ಸಂದೇಹಪಡಬೇಕು. ಮಲವು ಮುಟ್ಟಿದಲ್ಲಿ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳೂ ಬರಬಹುದು. ಇವುಗಳಲ್ಲಿ ಇ. ಕೋಲಿ ಎಂಬ ಜಾತಿಯು ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಒಂದಾದರೂ ಇರಬಾರದೆಂದು ಭಾರತೀಯ ಮಾನಕವು ವಿಧಿಸುವದು.

ನಾಲ್ಕನೆಯದು, ಕರಗಿದ ಲವಣಗಳು. ಸುಣ್ಣಕಲ್ಲಿನ ಮೇಲೆ ಹರಿದು ಬಂದ ನಮ್ಮ ನೀರು ಗಡಸು. ಕಾಸುವ ಪಾತ್ರೆಯಲ್ಲಿ ಬಿಳಿಯ ಹೊಕ್ಕಳೆ ಕಟ್ಟುವದೂ, ಬೇಳೆ ಬೇಗನೆ ಬೇಯದಿರುವದೂ, ಸಾಬೂನಿನ ನೊರೆ ಏಳದಿರುವದೂ ಇದರಿಂದಲೇ. ಈ ಗಡಸುತನವು ತೊಂದರೆಯೇ ಹೊರತು ಸಾಮಾನ್ಯವಾಗಿ ರೋಗವಲ್ಲ. ಆದರೆ ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ, ಫ್ಲೋರೈಡ್ ೧.೫ ಮಿಲಿಗ್ರಾಂ ಮೀರಿದರೆ ಹಲ್ಲು ಎಲುಬುಗಳಿಗೆ ಕೇಡು. ಇವೆರಡನ್ನೂ ಕಣ್ಣಾಗಲಿ ನಾಲಿಗೆಯಾಗಲಿ ಕಂಡುಹಿಡಿಯಲಾರವು, ಕಾಸುವದರಿಂದಲೂ ಅವು ಹೋಗಲಾರವು.

ಬೇಸಿಗೆಯ ತಿಳಿನೀರು ಏಕೆ ಅಪಾಯಕರವೆಂಬದು ಈಗ ಸ್ಪಷ್ಟವಾಗಬಹುದು. ಊರಿನಿಂದ ಹೊರಡುವ ಹೊಲಸು ನೀರು ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅದು ಸಾವಿರ ಕೊಡ ನೀರಿನಲ್ಲಿ ಬೆರೆಯುವದಕ್ಕೂ ಹತ್ತು ಕೊಡ ನೀರಿನಲ್ಲಿ ಬೆರೆಯುವದಕ್ಕೂ ವ್ಯತ್ಯಾಸವಿದೆ. ಮಾರ್ಚಿನಲ್ಲಿ ನದಿಯು ಮಡುಗಳಾಗಿ ಒಡೆದಾಗ ಹೂಳು ಇಳಿದು ನೀರು ತಿಳಿಯಾಗುವದು, ಹೊಲಸು ಮಾತ್ರ ಒತ್ತಾಗುವದು.

ಹಾಗಾದರೆ ಮಳೆಗಾಲದ ಕೆಸರುನೀರು ನಿರ್ದೋಷವೆಂದು ಯಾರೂ ತಿಳಿಯಬಾರದು. ಮೊದಲ ಮಳೆಯು ಬೀದಿ, ತಿಪ್ಪೆ, ಬಯಲುಗಳ ಕಸವನ್ನೆಲ್ಲ ತೊಳೆದು ನದಿಗೆ ತರುವದು. ಜೇಡಿಯ ಕಣಗಳಿಗೆ ರೋಗಾಣುಗಳು ಅಂಟಿಕೊಳ್ಳುವವು. ಬ್ಲೀಚಿಂಗ್ ಪುಡಿಯನ್ನು ಹಾಕಿದರೂ ಕೆಸರು ಅವುಗಳಿಗೆ ಮರೆಯಾಗಿ ನಿಲ್ಲುವದು. ಆದುದರಿಂದ ಹೂಳನ್ನೂ ಮಲಿನತೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು, ಎರಡರ ಲೆಕ್ಕವನ್ನೂ ಜೊತೆಯಾಗಿ ಓದಬೇಕು.

೪. ದಿನದಿನದ ಬರಹ ಏತಕ್ಕೆ?

ಒಂದು ಸಲ ನೀರನ್ನು ಪರೀಕ್ಷಿಸಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಜೂನಿನ ಮೊದಲ ಪ್ರವಾಹದಲ್ಲಿರುವಷ್ಟು ಹೂಳು, ಸೆಪ್ಟೆಂಬರಿನಲ್ಲಿ ನದಿಯು ಅಷ್ಟೇ ಎತ್ತರಕ್ಕೆ ಏರಿದರೂ ಸಾಮಾನ್ಯವಾಗಿ ಇರುವದಿಲ್ಲ. ಸಡಿಲವಾದ ಮಣ್ಣು ಮೊದಲೇ ಹೊರಟುಹೋಗಿರುವದು, ನೆಲವೂ ಹಸುರಿನಿಂದ ಮುಚ್ಚಿರುವದು. ವರ್ಷದ ಹೂಳಿನ ಬಹುಭಾಗವು ಕೆಲವೇ ಪ್ರವಾಹದ ದಿನಗಳಲ್ಲಿ ಸಾಗಿಹೋಗುವದು. ಆ ದಿನಗಳಲ್ಲಿ ಅಳೆಯದವನು ವರ್ಷವೆಲ್ಲ ಅಳೆದರೂ ನದಿಯನ್ನು ಅರಿಯನು. ಆಮ್ಲಜನಕವಂತೂ ಒಂದೇ ದಿನದೊಳಗೆ ಬದಲಾಗುವದು: ಪಾಚಿಯು ಹಗಲಿನಲ್ಲಿ ಅದನ್ನು ಬಿಡುವದು, ಇರುಳಿನಲ್ಲಿ ತಾನೇ ಉಪಯೋಗಿಸುವದು, ಸೂರ್ಯೋದಯಕ್ಕೆ ಮುಂಚೆ ಅದು ಅತಿ ಕಡಿಮೆ. ಆದಕಾರಣ ಒಂದೇ ಸ್ಥಳ, ಒಂದೇ ವೇಳೆ, ಒಂದೇ ಕ್ರಮ ಎಂಬ ಮೂರು ನಿಯಮಗಳನ್ನು ಹಿಡಿದು ಬರೆದ ಬರಹವೇ ಹೋಲಿಕೆಗೆ ಬರುವದು. ೨೦೨೦ರ ಅಕ್ಟೋಬರದಲ್ಲಿ ಭೀಮಾ ಕಾಗಿಣೆಗಳು ಉಕ್ಕಿ ನಮ್ಮ ಸೀಮೆಯ ಊರುಗಳನ್ನು ಸುತ್ತಿದಾಗ ನೀರು ಎಷ್ಟು ಏರಿತೆಂದು ನಾವೆಲ್ಲರೂ ಮಾತಾಡಿದೆವು. ಆದರೆ ಹಿಂದಿನ ಪ್ರವಾಹಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ಹೇಳಬಲ್ಲದ್ದು ಅಳತೆಗಂಬದ ಬರಹವೇ.

ಬೋರ್ಡಿಂಗಿನ ಕಾಯಿಲೆಯ ತರುವಾಯ, ಒಂಬತ್ತನೆಯ ತರಗತಿಯವರಿಂದ ನದಿಯ ಒಂದು ದಿನಚರಿಯನ್ನು ಇಡಿಸಿದೆನು. ಶಾಲೆಯ ದಿನಗಳಲ್ಲಿ ಇಬ್ಬರು ಹುಡುಗಿಯರು ಒಬ್ಬ ಶಿಕ್ಷಕಿಯೊಡನೆ ಘಟ್ಟದವರೆಗೆ ಹೋಗಿ, ನೀರು ಯಾವ ಮೆಟ್ಟಿಲಿನಲ್ಲಿದೆ, ಬಣ್ಣ ಹೇಗಿದೆ, ವಾಸನೆಯುಂಟೋ ಇಲ್ಲವೋ ಎಂದು ಬರೆಯುವರು. ವಾರಕ್ಕೊಮ್ಮೆ ಒಂದು ಬಾಟಲಿ ನೀರನ್ನು ತರುವರು. ವಿಜ್ಞಾನದ ಕೋಣೆಯ ಹಲಗೆಯ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟೆವು. ಜೂನ್ ಕೊನೆಯ ಬಾಟಲಿಯ ತಳದಲ್ಲಿ ಬೆರಳಗಲದ ಹೂಳು ನಿಂತಿತು. ನವೆಂಬರಿನದರಲ್ಲಿ ದಾರದಷ್ಟು ಗೆರೆಯೂ ಕಷ್ಟದಿಂದ ಕಂಡಿತು. ಮಲಿನತೆಯನ್ನು ನೋಡುವದಕ್ಕೆ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಚಿಕ್ಕ ಸೀಸೆಗಳನ್ನು ತರಿಸಿದೆವು. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ೧೯೮೨ರಲ್ಲಿ ಪ್ರಕಟಿಸಿದ ಸುಲಭ ಕ್ರಮವಿದು. ಸೀಸೆಯಲ್ಲಿ ನೀರನ್ನು ತುಂಬಿ ಬೆಚ್ಚಗಿನ ಸ್ಥಳದಲ್ಲಿ ಒಂದೆರಡು ದಿನ ಇಟ್ಟಾಗ ಅದು ಕಪ್ಪಾದರೆ ಮಲಸಂಬಂಧದ ಸಂದೇಹವಿದೆಯೆಂದು ತಿಳಿಯಬೇಕು. ಜೂನಿನ ಕೆಸರುನೀರೂ ಕಪ್ಪಾಯಿತು. ಮಾರ್ಚಿನ ತಿಳಿನೀರೂ ಕಪ್ಪಾಯಿತು. ಕುದಿಸಿ ಆರಿಸಿದ ನೀರಿನ ಸೀಸೆಯು ಮಾತ್ರ ಬಣ್ಣ ಬದಲಾಗದೆ ಉಳಿಯಿತು. ಇಷ್ಟನ್ನು ಕಂಡ ಮೇಲೆ ನಾನು ಆ ತರಗತಿಯವರಿಗೆ ಹೆಚ್ಚೇನೂ ಹೇಳಬೇಕಾಗಲಿಲ್ಲ.

ಆ ದಿನಚರಿಯಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಒಂದು ಮಳೆಯ ದಿನ, ಸರದಿಯ ಹುಡುಗಿಯು ಘಟ್ಟಕ್ಕೆ ಹೋಗದೆ “ನಿನ್ನೆಯಂತೆಯೇ” ಎಂದು ಬರೆದಳು. ಮರುದಿನ ಹೋಗಿ ನೋಡಿದಾಗ ಮೂರು ಮೆಟ್ಟಿಲು ಮೇಲಕ್ಕೆ ಹಸಿಯ ಕೆಸರಿನ ಗುರುತಿತ್ತು. ರಾತ್ರಿ ಇಳಿದ ಪ್ರವಾಹವು ಹಿಂದಿನ ದಿನ ಅಲ್ಲಿಯವರೆಗೆ ಏರಿತ್ತು. ಅವಳು ತಾನಾಗಿಯೇ ನನ್ನ ಬಳಿಗೆ ಬಂದು ಅಳುತ್ತ ನಿಜವನ್ನು ಹೇಳಿದಳು. ನಾವಿಬ್ಬರೂ ಕೂಡಿ ಆ ಸಾಲಿನ ಮೇಲೆ ಒಂದು ಗೆರೆ ಎಳೆದು, ಅಳಿಸದೆ, ಪಕ್ಕದಲ್ಲಿ “ನೋಡಲಿಲ್ಲ” ಎಂದು ಬರೆದೆವು. ಬರಿದಾದ ಸಾಲಿನಿಂದ ಒಂದು ದಿನದ ತಿಳುವಳಿಕೆ ಮಾತ್ರ ನಷ್ಟವಾಗುವದು. ಸುಳ್ಳು ಸಾಲಿನಿಂದ ಇಡೀ ಪುಸ್ತಕದ ಮೇಲಣ ನಂಬಿಕೆಯೇ ಹೋಗುವದು. ಅಂಥ ಪುಸ್ತಕವನ್ನು ನಂಬಿ ಯಾರಾದರೂ ಕೆಳದಂಡೆಯಲ್ಲಿ ಮನೆ ಕಟ್ಟಿದರೆ ಆ ಒಂದು ಸಾಲಿನ ಬೆಲೆಯೇನೆಂದು ನೀವೇ ಊಹಿಸಿರಿ. ಆ ಹುಡುಗಿಯ ಹೆಸರನ್ನು ನಾನು ಹೇಳುವದಿಲ್ಲ. ಅವಳು ಈಗ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಜ್ವರದ ಪಟ್ಟಿಯನ್ನು ಬರೆಯುವ ಕೆಲಸದಲ್ಲಿದ್ದಾಳೆಂದು ಮಾತ್ರ ಸಂತೋಷದಿಂದ ತಿಳಿಸುವೆನು.

೫. ಮನೆಯಲ್ಲಿಯೂ ಊರಿನಲ್ಲಿಯೂ ಮಾಡತಕ್ಕದ್ದು

ಮನೆಯಲ್ಲಿ ನೀರಿನ ಕೆಲಸವನ್ನು ಕ್ರಮವಾಗಿ ಮಾಡಬೇಕು. ಕೆಸರುನೀರು ಬಂದರೆ ಮೊದಲು ಹರವಿಯಲ್ಲಿ ನಿಲ್ಲಿಸಿರಿ. ಜೇಡಿಯು ಇಳಿಯದಿದ್ದರೆ ಸ್ವಲ್ಪ ಪಟಿಕವನ್ನು ಆಡಿಸಿರಿ. ಅದರಿಂದ ಸಣ್ಣ ಕಣಗಳು ಒಂದಕ್ಕೊಂದು ಕೂಡಿ ಗರಣೆಗಟ್ಟಿ ತಳಕ್ಕೆ ಹೋಗುವವು. ತಿಳಿಯನ್ನು ಬಗ್ಗಿಸಿ, ಒಗೆದ ದಟ್ಟ ಬಟ್ಟೆಯಿಂದ ಸೋಸಿರಿ. ಆಮೇಲೆ ಕುದಿಸಿರಿ, ಬಿಸಿಯಾದರೆ ಸಾಲದು, ನೀರು ಮರಳಿ ಒಂದು ನಿಮಿಷವಾದರೂ ಕುದಿಯಬೇಕು. ಕುದಿಸಲಾಗದಿದ್ದರೆ ಕ್ಲೋರಿನ್ ಗುಳಿಗೆಯನ್ನು ಹೇಳಿದ ಪ್ರಮಾಣದಲ್ಲಿ ಹಾಕಿ ಅರ್ಧ ತಾಸು ಬಿಡಿರಿ. ತಿಳಿಗೊಳಿಸುವದಕ್ಕೆ ಮುಂಚೆ ಗುಳಿಗೆಯನ್ನು ಹಾಕಿದರೆ ಫಲವು ಕಡಿಮೆ. ಕಾಸಿದ ನೀರನ್ನು ಮುಚ್ಚಿಡಿರಿ, ಹಿಡಿಕೆಯುಳ್ಳ ಸೌಟಿನಿಂದ ತೆಗೆಯಿರಿ. ಕೈಯನ್ನು ಅದ್ದಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ. ತಿಳಿನೀರಿಗೂ ಇದೇ ನಿಯಮ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.

ಊರಿನ ಕೆಲಸವು ಮನೆಯ ಒಲೆಯಿಂದ ಆಗತಕ್ಕದ್ದಲ್ಲ. ಚರಂಡಿಯ ನೀರನ್ನು ಶುದ್ಧಿಮಾಡಿ ನದಿಗೆ ಬಿಡುವದು ಸ್ಥಳೀಯ ಸಂಸ್ಥೆಗಳ ಹೊಣೆ. ಅದನ್ನು ಕೇಳುವದು ನಮ್ಮ ಹಕ್ಕು, ಮತ್ತು ಕೇಳುವಾಗ ಅಳತೆಯ ಅಂಕಿಗಳನ್ನು ಹಿಡಿದು ಕೇಳುವದು ನಮ್ಮ ಬಲ. ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ನಿಯಮದಂತೆ ಪ್ರತಿ ಗ್ರಾಮದಲ್ಲಿ ಐವರು ಸ್ತ್ರೀಯರಿಗೆ ನೀರನ್ನು ಪರೀಕ್ಷಿಸುವ ತರಬೇತಿಯನ್ನೂ ಅದರ ಪೆಟ್ಟಿಗೆಯನ್ನೂ ಕೊಡಬೇಕಾಗಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರೆಂದು ವಿಚಾರಿಸಿರಿ. ಯಾರೂ ಇಲ್ಲದಿದ್ದರೆ ನಿಮ್ಮ ಹೆಸರನ್ನೇ ಕೊಡಿರಿ. ಎಂಟು ಹತ್ತು ತರಗತಿ ಓದಿದ ಸ್ತ್ರೀಗೆ ಅದು ಅಸಾಧ್ಯವಾದ ಕೆಲಸವಲ್ಲ. ಹೊಲವುಳ್ಳ ಪೋಷಕರಲ್ಲಿ ನನ್ನ ಬಿನ್ನಹವೇನಂದರೆ, ಇಳಿಜಾರಿಗೆ ಅಡ್ಡವಾಗಿ ಬದುಗಳನ್ನು ಹಾಕಿಸಿರಿ, ಅಡ್ಡವಾಗಿಯೇ ಉಳುಮೆ ಮಾಡಿಸಿರಿ, ಹಳ್ಳದ ದಂಡೆಯಲ್ಲಿ ಹುಲ್ಲನ್ನೂ ಗಿಡಗಳನ್ನೂ ಉಳಿಸಿರಿ. ನಿಮ್ಮ ಮಣ್ಣು ನಿಮ್ಮ ಹೊಲದಲ್ಲಿಯೇ ನಿಂತರೆ ಕೆಳಗಿನ ಕೆರೆಯೂ ಉಳಿಯುವದು.

ಶಾಲೆಯ ಈಗಿನ ಒಂಬತ್ತನೆಯ ತರಗತಿಯವರು ದಿನಚರಿಯನ್ನು ಮುಂದುವರಿಸುತ್ತಿದ್ದಾರೆ. ಅದು ಒಂದೇ ಘಟ್ಟದ ಬರಹ; ನದಿಯಾದರೋ ಉದ್ದವಾದದ್ದು. ಚಿಂಚೋಳಿಯಲ್ಲಿ ಮುಲ್ಲಾಮಾರಿಯ ದಂಡೆಯಲ್ಲಿರುವವರು, ಸೇಡಮಿನವರು, ಶಹಾಬಾದ ವಾಡಿಗಳವರು, ಚಿತ್ತಾಪುರದ ಹಳ್ಳಿಗಳವರು ತಮ್ಮ ತಮ್ಮ ಊರಿನಲ್ಲಿ ತಿಂಗಳಿಗೊಮ್ಮೆಯಾದರೂ ಹೀಗೆ ನೋಡಿ ಬರೆದು ಕಳುಹಿಸಿದರೆ, ನಮ್ಮ ಹುಡುಗಿಯರು ಅವನ್ನೆಲ್ಲ ಒಂದು ದೊಡ್ಡ ಪುಸ್ತಕದಲ್ಲಿ ಸಾಲಾಗಿ ಸೇರಿಸುವರು. ನೋಡದ ದಿನವಿದ್ದರೆ “ನೋಡಲಿಲ್ಲ” ಎಂದೇ ಬರೆಯಿರಿ.

ಅಭ್ಯಾಸಕ್ಕಾಗಿ

೧. ನಿಮ್ಮ ಮನೆಯ ಕುಡಿಯುವ ನೀರು ಯಾವ ನದಿ, ಕೆರೆ ಅಥವಾ ಬಾವಿಯಿಂದ ಬರುವದು? ಅದರ ಮೇಲಣ ಭಾಗದಲ್ಲಿ ಯಾವ ಊರುಗಳಿವೆ?

೨. ಒಂದು ಗಾಜಿನ ಬಾಟಲಿಯಲ್ಲಿ ಮಳೆಗಾಲದ ಹಳ್ಳದ ನೀರನ್ನು ತುಂಬಿ ಅಲುಗಿಸದೆ ಇಡಿರಿ. ಒಂದು ನಿಮಿಷ, ಒಂದು ತಾಸು, ಒಂದು ದಿನ, ಎರಡು ದಿನಗಳ ತರುವಾಯ ಕಂಡದ್ದನ್ನು ಬರೆಯಿರಿ.

೩. ಲೀಟರಿಗೆ ಎರಡು ಗ್ರಾಂ ಹೂಳುಳ್ಳ ನದಿಯು ಸೆಕೆಂಡಿಗೆ ೫೦ ಘನಮೀಟರ್ ಹರಿದರೆ ಒಂದು ದಿನದಲ್ಲಿ ಎಷ್ಟು ಟನ್ ಮಣ್ಣು ಸಾಗುವದು?

೪. ಬೇಸಿಗೆಯ ತಿಳಿನೀರನ್ನು ಕುದಿಸದೆ ಕುಡಿಯಬಾರದೇಕೆಂದು ನಿಮ್ಮ ಮನೆಯ ಹಿರಿಯರಿಗೂ ಕಿರಿಯರಿಗೂ ಅವರ ಮಾತಿನಲ್ಲಿಯೇ ತಿಳಿಸಿರಿ. ಅವರು ಕೇಳಿದ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ತಿಳಿಯದಿರುವವನ್ನು ಶಾಲೆಗೆ ಬರೆದು ಕಳುಹಿಸಿರಿ. ನಾವೂ ಕೂಡಿ ಕಲಿಯೋಣ.